ಟೈಮಿಂಗ್ ಚೈನ್ ಹಲ್ಲು ಹಾರಿದ ಮೇಲೆ: ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿ, ಕಟ್ಟಿ, ಬಲಪಡಿಸುವ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯಂಗಳದಲ್ಲಿ ತಮ್ಮ ತನ್ನ ಎರಡು ಸೀಟಿನ ಕಾರಿಗೆ ಸೆಲ್ಫ್ ಕೊಟ್ಟ. ಎಂಜಿನ್ನಿನ ಮುಂಭಾಗದಿಂದ ಡಬ್ಬಿಯೊಳಗೆ ಮೊಳೆ ಕುಲುಕಿದಂಥ ಸದ್ದು ಮೂರು ನಾಲ್ಕು ಸೆಕೆಂಡು ಬಂತು. ಆ ಸದ್ದು ಎರಡು ತಿಂಗಳಿನಿಂದಲೂ ಇತ್ತು. ಎಣ್ಣೆ ಮೇಲೇರಿದ ಕೂಡಲೇ ನಿಲ್ಲುತ್ತಿದ್ದುದರಿಂದ ಅವನು ಅದನ್ನು ಮರೆತುಬಿಡುತ್ತಿದ್ದ. ಅಂದು ಮಾತ್ರ ‘ಟಕ್’ ಎಂದು ಎಂಜಿನ್ ನಿಂತಿತು. ಅವನು ಮತ್ತೆ ಕೀಲಿಗೆ ಕೈ ಹಾಕಿದಾಗ ನಾನು ಜಗಲಿಯಿಂದಲೇ ಕೂಗಿದೆ: “ಬೇಡ, ತಿರುಗಿಸಬೇಡ!” ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಣ ಉಳಿಸಿದ್ದು ಆ ಒಂದು ಕೂಗು.

ಕಾರಿನ ಹೆಸರಿಗಿಂತ ಎಂಜಿನ್ನಿನ ಬಗೆ ಇಲ್ಲಿ ಮುಖ್ಯ. ಇದು 1796 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಬೋರ್ (ಸಿಲಿಂಡರಿನ ಅಗಲ) 82 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 85 ಮಿ.ಮೀ., ಹದಿನಾರು ವಾಲ್ವ್, ಅವನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್, ಎರಡಕ್ಕೂ ಟೈಮಿಂಗ್ ಹೊಂದಿಸುವ ಅಡ್ಜಸ್ಟರ್, ಪಕ್ಕದಲ್ಲಿ ಬೆಲ್ಟಿನಿಂದ ಓಡಿ ಎಂಜಿನ್ನಿಗೆ ಒತ್ತಡದ ಗಾಳಿ ತುಂಬುವ ಸೂಪರ್‌ಚಾರ್ಜರ್. ಚೈನ್ ಇರುವ ಹೆಚ್ಚಿನ ಸ್ಪೋರ್ಟ್ಸ್ ಕಾರುಗಳಿಗೂ ಮುಂದಿನ ಹಂತಗಳು ಹೊಂದುತ್ತವೆ. ಬೋಲ್ಟಿನ ಬಿಗಿತ, ಕೋನ, ಗುರುತುಗಳ ಸ್ಥಾನವನ್ನು ಮಾತ್ರ ನಿಮ್ಮ ಎಂಜಿನ್ ಸಂಖ್ಯೆಗೆ ಸೇರಿದ ವರ್ಕ್‌ಶಾಪ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಮೊದಲ ಕೆಲಸ: ಏನನ್ನೂ ತಿರುಗಿಸದಿರುವುದು

ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕವನ್ನು ಹಿಡಿದಿಡುವುದು ಚೈನ್. ಐಡಲ್‌ನಲ್ಲಿ, ನಿಮಿಷಕ್ಕೆ 800 ಸುತ್ತಿನಲ್ಲಿಯೂ ಪ್ರತಿ ವಾಲ್ವ್ ಸೆಕೆಂಡಿಗೆ ಆರೇಳು ಸಲ ತೆರೆದು ಮುಚ್ಚುತ್ತದೆ. ತೆರೆದ ವಾಲ್ವ್ ಮತ್ತು ಮೇಲೇರಿದ ಪಿಸ್ಟನ್ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುವಂತೆ ಈ ಎಂಜಿನ್ನುಗಳನ್ನು ರೂಪಿಸಿದ್ದಾರೆ. ಕ್ರ್ಯಾಂಕ್ ಸ್ಪ್ರಾಕೆಟ್‌ಗೆ 20 ಹಲ್ಲಿದ್ದರೆ ಚೈನ್ ಒಂದು ಹಲ್ಲು ಹಾರಿದಾಗ ಲೆಕ್ಕ 18 ಡಿಗ್ರಿ ತಪ್ಪುತ್ತದೆ. ಎರಡು ಮೂರು ಹಲ್ಲು ಹಾರಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ.

ಆದ್ದರಿಂದ ಸೆಲ್ಫ್ ಕೊಡಬೇಡಿ. ತಳ್ಳಿ ಗೇರ್ ಹಾಕಿ ಚಾಲೂ ಮಾಡಲು ಹೋಗಬೇಡಿ. ದಾರಿಯಲ್ಲಿ ನಿಂತರೆ ಇಡೀ ಕಾರನ್ನು ಹೊರುವ ಲಾರಿಯನ್ನೇ ಕರೆಸಿ, ಮುಂದಿನ ಚಕ್ರ ಎತ್ತಿ ಎಳೆಯುವ ಗಾಡಿ ಬೇಡ. ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಬಿಡಿ, ಆಗ ಯಾರೂ ಅಪ್ಪಿತಪ್ಪಿ ಕೀಲಿ ತಿರುಗಿಸಲಾರರು.

ಆ ವಯರ್ ಬಿಚ್ಚುವ ಮೊದಲು ಸ್ಕ್ಯಾನರ್ ಹಾಕಿ ದೋಷ ಸಂಕೇತಗಳನ್ನು ಬರೆದಿಟ್ಟುಕೊಳ್ಳಿ. ಪಿ0016 ಮತ್ತು ಪಿ0017 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಪರಸ್ಪರ ಹೊಂದುತ್ತಿಲ್ಲ ಎಂದರ್ಥ. ನಮ್ಮದರಲ್ಲಿ ಎರಡೂ ಇದ್ದವು. ಹಳೆಯ ದಾಖಲೆಯಲ್ಲಿ ಪಿ0016 ಒಂದೂವರೆ ತಿಂಗಳ ಮೊದಲೇ ಬಂದು ಹೋಗಿತ್ತು. ಎಂಜಿನ್ ಅಷ್ಟು ಮುಂಚೆಯೇ ಹೇಳಿತ್ತು, ಕೇಳುವವರಿರಲಿಲ್ಲ.

ವಾಲ್ವ್ ಬಾಗಿದೆಯೇ? ಹೆಡ್ ಇಳಿಸದೆ ತಿಳಿಯುವ ದಾರಿ

ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ. ಇಗ್ನಿಷನ್ ಕಾಯಿಲ್, ಪ್ಲಗ್, ವಾಲ್ವ್ ಕವರ್ ತೆಗೆಯಿರಿ. ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಪಿಸ್ಟನ್ನಿನ ತಲೆ ನೋಡಿ. ಮಸಿ ಹಿಡಿದ ಕಪ್ಪು ಮೇಲ್ಮೈ ನಡುವೆ ಹೊಳೆಯುವ ಅರ್ಧಚಂದ್ರಾಕಾರದ ಗೀರು ಕಂಡರೆ ಅದು ವಾಲ್ವಿನ ಪೆಟ್ಟು. ನಮಗೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನಲ್ಲಿ ಉಗುರಿನ ಬಿಳಿ ತುದಿಯಷ್ಟು ತೆಳುವಾದ ಎರಡೆರಡು ಗೀರು ಕಂಡವು, ಎಲ್ಲವೂ ಇನ್‌ಟೇಕ್ ಬದಿಯಲ್ಲಿ.

ಕ್ಯಾಮೆರಾ ಎಲ್ಲವನ್ನೂ ತೋರಿಸುವುದಿಲ್ಲ. ಗಾಳಿಯ ಪರೀಕ್ಷೆಯೂ ಬೇಕು. ಕ್ಯಾಮ್‌ಶಾಫ್ಟ್ ಕ್ಯಾಪುಗಳನ್ನು ಒಂದೊಂದು ಬೋಲ್ಟಿಗೆ ಅರ್ಧರ್ಧ ಸುತ್ತಿನಂತೆ ಸಮನಾಗಿ ಸಡಿಲಿಸಿ ಕ್ಯಾಮ್ ಎತ್ತಿಡಿ. ಒಂದನ್ನೇ ಪೂರ್ತಿ ಬಿಚ್ಚಿದರೆ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ಬಿರುಕು ಬಿಡಬಹುದು. ಕ್ಯಾಮ್ ಹೊರಬಂದರೆ ಬಾಗದ ವಾಲ್ವುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಈಗ ಪ್ರತಿ ಸಿಲಿಂಡರಿಗೆ ಪ್ಲಗ್ ತೂತಿನಿಂದ 2 ಬಾರ್ ಗಾಳಿ ಕೊಡಿ. ಗಾಳಿಯ ಒತ್ತಡ ಪಿಸ್ಟನ್ನನ್ನು ತಳ್ಳುವುದರಿಂದ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಕೆ ಹಾಕಿ ಒಬ್ಬರು ಹಿಡಿದಿರಲಿ. ನೀವು ಕಿವಿಗೊಡಿ. ಥ್ರಾಟಲ್ ಬಾಯಿಯಲ್ಲಿ ಬುಸುಗುಟ್ಟಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಎಣ್ಣೆ ತುಂಬುವ ಬಾಯಿಯಲ್ಲಿ ಗಾಳಿ ಬಂದರೆ ಪಿಸ್ಟನ್ನಿನ ಸುತ್ತಲಿನ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ಚೈನ್ ಪೂರ್ತಿ ಕಡಿದುಹೋಗಿದ್ದರೂ ಕ್ರಮ ಇದೇ: ಮೊದಲು ಕ್ಯಾಮ್ ಎತ್ತಿ, ಆಮೇಲೆ ಕ್ರ್ಯಾಂಕ್ ಮುಟ್ಟಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿಯಲ್ಲಿರುವ ಸ್ಥಿತಿಯಿಂದ ಕ್ರ್ಯಾಂಕನ್ನು 90 ಡಿಗ್ರಿ ತಿರುಗಿಸಿದರೆ ನಾಲ್ಕೂ ಪಿಸ್ಟನ್ ಬೋರಿನ ನಡುಭಾಗಕ್ಕೆ ಬರುತ್ತವೆ. ಆ ಸ್ಥಿತಿಯಲ್ಲಿ ಕ್ಯಾಮನ್ನು ಎತ್ತ ತಿರುಗಿಸಿದರೂ ವಾಲ್ವಿಗೆ ಪೆಟ್ಟಿಲ್ಲ. ಈ ಒಂದು ಸಂಗತಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಕಟ್ಟುವಾಗಲೂ ಬೇಕಾಗುತ್ತದೆ.

ಹಳೆಯ ಎಂಜಿನ್ ತಂದು ಕೂರಿಸುವುದೇ ಅಗ್ಗವಲ್ಲವೇ ಎಂದು ಕೇರಳ-ಕರ್ನಾಟಕ ಗಡಿಯಲ್ಲಿರುವ ನಮಗೆ ಅನೇಕರು ಹೇಳುತ್ತಾರೆ. ತಲಪಾಡಿ ದಾಟಿದರೆ ಸೆಕೆಂಡ್ ಹ್ಯಾಂಡ್ ಎಂಜಿನ್ ಸಿಗಬಹುದು. ಆದರೆ ಎಂಜಿನ್ ಸಂಖ್ಯೆ ಬದಲಾದರೆ ಅದನ್ನು ಆರ್‌ಸಿಯಲ್ಲಿ ದಾಖಲಿಸಲೇಬೇಕು. ಬಿಲ್ಲು, ಮೂಲದ ದಾಖಲೆ, ಆರ್‌ಟಿಒ ಅನುಮತಿ ಇಲ್ಲದೆ ಕಾಸರಗೋಡು ನೋಂದಣಿಯ (ಕೆಎಲ್-14) ಕಾರಿಗೆ ಬೇರೆ ರಾಜ್ಯದ ಎಂಜಿನ್ ಹಾಕಿದರೆ ವಿಮೆಯೂ ಕೈ ಬಿಡಬಹುದು. ಸಿಲಿಂಡರುಗಳಿರುವ ಬ್ಲಾಕ್ ಒಡೆಯದಿದ್ದರೆ ಇದ್ದದ್ದನ್ನೇ ದುರಸ್ತಿ ಮಾಡುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ.

ಬಿಚ್ಚುವಾಗ ಚೂರುಗಳನ್ನು ಎಣಿಸಿ

ಕೂಲೆಂಟ್ ಮತ್ತು ಎಣ್ಣೆ ಇಳಿಸಿ, ಪೆಟ್ರೋಲ್ ಲೈನಿನ ಒತ್ತಡ ಬಿಡಿಸಿ. ಬೆಲ್ಟ್, ಸೂಪರ್‌ಚಾರ್ಜರ್, ಮುಂದಿನ ಕವರ್, ಎಣ್ಣೆ ಚೇಂಬರ್ ಕ್ರಮವಾಗಿ ತೆಗೆಯಿರಿ. ಬೋಲ್ಟುಗಳಿಗೆ ನಾನು ಅಡಿಕೆ ಹಾಳೆಯ ತಟ್ಟೆಗಳನ್ನು ಬಳಸಿದೆ. ಒಂದು ಭಾಗಕ್ಕೆ ಒಂದು ತಟ್ಟೆ, ಅಂಚಿನಲ್ಲಿ ಮಾರ್ಕರಿನಿಂದ ಹೆಸರು. ಹಾಳೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಬೋಲ್ಟ್ ಉರುಳುವುದಿಲ್ಲ. ಉದ್ದ ಗಿಡ್ಡ ಬೋಲ್ಟುಗಳಿರುವ ಮುಂದಿನ ಕವರಿಗೆ ರಟ್ಟಿನ ಮೇಲೆ ಅದರ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಸಿಕ್ಕಿಸಿಡಿ.

ಚೈನ್ ಜಾರುವ ಪ್ಲಾಸ್ಟಿಕ್ ಗೈಡ್ ಒಡೆದಿದ್ದರೆ ಅದರ ಎಲ್ಲ ಚೂರುಗಳೂ ಸಿಗುವವರೆಗೆ ಮುಂದೆ ಹೋಗಬೇಡಿ. ನಮ್ಮ ಗೈಡ್ ಬೆಲ್ಲದ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಿತ್ತು. ಸಿಕ್ಕ ಹನ್ನೊಂದು ಚೂರುಗಳನ್ನು ಹಾಳೆ ತಟ್ಟೆಯಲ್ಲಿ ಒಡೆದ ಮಡಕೆ ಜೋಡಿಸುವಂತೆ ಜೋಡಿಸಿದೆವು. ಹೆಬ್ಬೆರಳ ಉಗುರಿನಷ್ಟು ಜಾಗ ಖಾಲಿ ಉಳಿಯಿತು. ರಾತ್ರಿ ಹತ್ತರವರೆಗೆ ಹುಡುಕಿದೆವು. ಕೊನೆಗೆ ಎಣ್ಣೆ ಪಂಪಿನ ಜಾಲರಿಯನ್ನು ಬೆಳಕಿಗೆ ಹಿಡಿದಾಗ ಕಪ್ಪು ಜಿಡ್ಡಿನೊಳಗೆ ಆ ಚೂರು ಅಂಟಿಕೊಂಡು ಕೂತಿತ್ತು. ಸುತ್ತಲಿನ ಜಾಲರಿಯ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು.

ಕಾರಣ ಅಲ್ಲೇ ಸಿಕ್ಕಿತು. ಟೆನ್ಶನರ್ ಚೈನನ್ನು ಬಿಗಿಹಿಡಿಯುವುದು ಎಣ್ಣೆಯ ಒತ್ತಡದಿಂದ. ಹಿಂದೆ ಎಣ್ಣೆ ಬದಲಿಸುವುದನ್ನು ತುಂಬ ದಿನ ಮುಂದೂಡಿದ್ದರಿಂದ ಜಿಡ್ಡು ಕಟ್ಟಿತು, ಜಾಲರಿ ಮುಚ್ಚಿತು, ಬೆಳಗಿನ ಹೊತ್ತು ಟೆನ್ಶನರಿಗೆ ಎಣ್ಣೆ ತಡವಾಗಿ ತಲುಪಿತು. ಸಡಿಲವಾದ ಚೈನ್ ಗೈಡಿಗೆ ಬಡಿದು ಅದನ್ನು ಒಡೆಯಿತು. ಒಡೆದ ಚೂರು ಮತ್ತೆ ಜಾಲರಿಯನ್ನೇ ಮುಚ್ಚಿತು. ಈ ಸುತ್ತನ್ನು ಕಡಿಯದೆ ಹೊಸ ಚೈನ್ ಹಾಕಿದರೆ ಅದಕ್ಕೂ ಅದೇ ಗತಿ. ಎಣ್ಣೆ ಪಂಪ್ ಬಿಚ್ಚಿ, ಒತ್ತಡದ ವಾಲ್ವ್ ಸರಾಗವಾಗಿ ಜಾರುತ್ತದೆಯೇ ನೋಡಿ. ಬ್ಲಾಕಿನ ಎಣ್ಣೆ ದಾರಿಗಳಿಗೆ ಸೀಮೆಎಣ್ಣೆ ಹಾಯಿಸಿ, ನೈಲಾನ್ ಬ್ರಷ್ ಹಾಕಿ ಉಜ್ಜಿ, ಗಾಳಿ ಊದಿ. ಟೆನ್ಶನರಿಗೆ ಹೋಗುವ ಚಿಕ್ಕ ತೂತನ್ನು ಎರಡು ಸಲ ನೋಡಿ.

ಹೆಡ್

ಹೆಡ್ ಬೋಲ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಿಗಿ ಮಾಡುವ ಕ್ರಮದ ವಿರುದ್ಧ ದಿಕ್ಕಿನಲ್ಲಿ ಸಡಿಲಿಸಿ. ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ. ಗೇಜ್ ಸಲೀಸಾಗಿ ತೂರಿದರೆ ಲೇತಿಗೆ ಕಳುಹಿಸುವ ಹೊತ್ತು ಬಂದಿದೆ ಎಂದೇ ನಾನು ತೀರ್ಮಾನಿಸುತ್ತೇನೆ.

ನಮ್ಮ ಹೆಡ್ಡನ್ನು ಮಂಗಳೂರಿನ ಬೈಕಂಪಾಡಿಯ ಒಂದು ಮೆಷಿನ್ ಶಾಪಿಗೆ ಒಯ್ದೆವು. “ಅಣ್ಣ, ಫೇಸಿಂಗಿನಲ್ಲಿ ಎಷ್ಟು ತೆಗೆಯುತ್ತೀರಿ?” ಎಂದು ಕೇಳಿದೆ. “ಸಮವಾಗುವಷ್ಟು ಮಾತ್ರ. 0.1 ಮಿ.ಮೀ. ಮೀರುವುದಾದರೆ ಮೊದಲು ನಿಮಗೆ ಫೋನ್ ಮಾಡುತ್ತೇನೆ” ಎಂದರು. ಹೀಗೆ ಹೇಳುವವರಿಗೇ ಹೆಡ್ ಕೊಡಿ. ಹೆಚ್ಚು ತೆಗೆದಷ್ಟೂ ಕಂಪ್ರೆಷನ್ ಏರುತ್ತದೆ, ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಕುಗ್ಗುತ್ತದೆ. ಜೊತೆಗೆ ಕ್ಯಾಮ್ ಮತ್ತು ಕ್ರ್ಯಾಂಕ್ ಹತ್ತಿರವಾಗುವುದರಿಂದ ಕ್ಯಾಮ್ ಟೈಮಿಂಗ್ ತುಸು ಹಿಂದೆ ಬೀಳುತ್ತದೆ. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಇವು ಮೂರೂ ಒಳ್ಳೆಯದಲ್ಲ.

ಬಾಗಿದ ವಾಲ್ವನ್ನು ನೇರ ಮಾಡಿ ಹಾಕುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಒಮ್ಮೆ ಬಾಗಿದ ಕಾಂಡದ ಕತ್ತು ಯಾವಾಗ ಬೇಕಾದರೂ ಮುರಿದು ಸಿಲಿಂಡರಿಗೆ ಬೀಳಬಹುದು. ಬಾಗಿದ ವಾಲ್ವಿನ ಕಾಂಡ ಜಾರುವ ಗೈಡನ್ನೂ ಅಳೆಸಿ, ಪೆಟ್ಟು ಅದಕ್ಕೂ ತಾಗಿರುತ್ತದೆ. ಸೀಟ್ 45 ಡಿಗ್ರಿಗೆ ಕತ್ತರಿಸಿದ ಮೇಲೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹಗುರವಾಗಿ ಉಜ್ಜಿ. ಸುತ್ತಲೂ ಎಲ್ಲಿಯೂ ಕಡಿಯದ ಬೂದು ಬಣ್ಣದ ಉಂಗುರ ಮೂಡಬೇಕು. ಆಮೇಲೆ ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯಿರಿ. ವಾಲ್ವ್ ಜೋಡಿಸಿ, ಹೆಡ್ ಮಗುಚಿಟ್ಟು, ಚೇಂಬರಿಗೆ ಸೀಮೆಎಣ್ಣೆ ಸುರಿದು ಹದಿನೈದು ನಿಮಿಷ ಬಿಡಿ. ಪೋರ್ಟಿನೊಳಗೆ ಬೆರಳಿಟ್ಟಾಗ ಒದ್ದೆಯಾಗಬಾರದು.

ಬ್ಲಾಕ್

ಪಿಸ್ಟನ್ನಿನ ಗೀರು ತೆಳುವಾಗಿದ್ದು ಅಂಚು ಮೇಲೆದ್ದಿರದಿದ್ದರೆ ನಯ ಮಾಡಿ ಬಳಸಬಹುದು. ಗುಂಡಿ ಬಿದ್ದಿದ್ದರೆ ಅಥವಾ ರಿಂಗಿನ ಕಾಲುವೆಯ ಹತ್ತಿರ ಬಿರುಕಿದ್ದರೆ ಬದಲಿಸಿ. ಕನೆಕ್ಟಿಂಗ್ ರಾಡ್ ಬಾಗಿದೆಯೇ ಎಂದು ತಿಳಿಯಲು ಪ್ರತಿ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು ಡಯಲ್ ಗೇಜಿನಲ್ಲಿ ಎತ್ತರ ಅಳೆಯಿರಿ. ಒಂದರ ಎತ್ತರ ಉಳಿದವುಗಳಿಗಿಂತ 0.1 ಮಿ.ಮೀ. ಕಡಿಮೆಯಿದ್ದರೆ ಆ ರಾಡನ್ನು ಹೊರತೆಗೆಯಲೇಬೇಕು. ಬೇರಿಂಗಿನ ಸಂದನ್ನು ಒತ್ತಿದಾಗ ಚಪ್ಪಟೆಯಾಗುವ ಪ್ಲಾಸ್ಟಿಗೇಜ್ ಎಳೆಯಿಂದ ಅಳೆಯಿರಿ. ಜಿಡ್ಡಿನ ಎಂಜಿನ್ನಿನಲ್ಲಿ ಬೇರಿಂಗ್ ಹಾಳಾಗದೆ ಉಳಿಯುವುದು ಅಪರೂಪ.

ನಮ್ಮ ಕಡೆಯ ಮಳೆಗಾಲದಲ್ಲಿ ಬೋರಿನ ಒಳಮೈಯ ಕಬ್ಬಿಣದ ಲೈನರ್ ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಪ್ರತಿ ಸಂಜೆ ಬೋರಿಗೆ ಎಣ್ಣೆ ಸವರಿ, ಬ್ಲಾಕನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ. ಮುರಕಲ್ಲಿನ ಕೆಂಪು ಧೂಳು ಬೇರಿಂಗಿಗೆ ಮರಳುಕಾಗದವಿದ್ದಂತೆ. ಎಂಜಿನ್ ಕಟ್ಟುವ ದಿನ ಅಂಗಳ ಗುಡಿಸುವುದು ಬೇಡವೆಂದು ಅಮ್ಮನಲ್ಲಿ ಕೇಳಿಕೊಂಡಿದ್ದೆ.

ಚೈನ್ ಕಿಟ್, ಮತ್ತು ಟೈಮಿಂಗ್ ಕೂರಿಸುವುದು

ಚೈನ್ ಒಂದನ್ನೇ ಬದಲಿಸಬೇಡಿ. ಚೈನ್, ಎಲ್ಲ ಗೈಡುಗಳು, ಟೆನ್ಶನರ್, ಕ್ರ್ಯಾಂಕ್ ಸ್ಪ್ರಾಕೆಟ್, ಎರಡೂ ಕ್ಯಾಮ್ ಅಡ್ಜಸ್ಟರ್, ಅವುಗಳ ಬೋಲ್ಟು, ಸೀಲು, ಗ್ಯಾಸ್ಕೆಟ್ ಒಟ್ಟಿಗೆ ಬರಬೇಕು. ಹಳೆಯ ಅಡ್ಜಸ್ಟರಿನ ಹಲ್ಲನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ಯಾಕೆಂದು ತಿಳಿಯುತ್ತದೆ. ಹೊಸ ಹಲ್ಲಿನ ತುದಿ ಅಗಲ, ಎರಡು ಬದಿಯೂ ಸಮ. ನಮ್ಮ ಹಳೆಯದರ ಹಲ್ಲು ಗರಗಸದಂತೆ ಚೂಪಾಗಿ, ಒಂದೇ ಬದಿಗೆ ವಾಲಿತ್ತು. ಅಂಥ ಹಲ್ಲಿನ ಮೇಲೆ ಹೊಸ ಚೈನ್ ಕೂತರೆ ಬೇಗನೆ ಹಿಗ್ಗುತ್ತದೆ. ಹೊಸ ಚೈನನ್ನು ಹಾಕುವ ಹಿಂದಿನ ರಾತ್ರಿ ಎಂಜಿನ್ ಎಣ್ಣೆಯಲ್ಲಿ ನೆನೆಸಿಡಿ.

ಈಗ ಅತಿ ಸೂಕ್ಷ್ಮ ಕೆಲಸ. ಹೆಡ್ ಕೂರಿಸುವ ಮೊದಲೇ ಕ್ರ್ಯಾಂಕನ್ನು 90 ಡಿಗ್ರಿಯಲ್ಲಿ, ಪಿಸ್ಟನ್ನುಗಳನ್ನು ನಡುಬೋರಿನಲ್ಲಿ ಇಡಿ. ಹೊಸ ಹೆಡ್ ಬೋಲ್ಟುಗಳನ್ನು ಕೈಪಿಡಿಯ ಕ್ರಮದಂತೆ ಮೊದಲು ಟಾರ್ಕ್ ರೆಂಚಿನಲ್ಲಿ, ಆಮೇಲೆ ಕೋನದ ಗೇಜಿನಲ್ಲಿ ಬಿಗಿ ಮಾಡಿ. ಹಿಗ್ಗುವ ಬಗೆಯ ಬೋಲ್ಟುಗಳನ್ನು ಎರಡನೆಯ ಸಲ ಬಳಸಬಾರದು. ಕ್ಯಾಮುಗಳನ್ನು ಗುರುತಿಗೆ ತಂದು ಲಾಕ್ ಉಪಕರಣ ಹಾಕಿ. ಅನಂತರ ಕ್ರ್ಯಾಂಕನ್ನು ಹತ್ತಿರದ ದಾರಿಯಿಂದ ಕೈಪಿಡಿ ಹೇಳುವ ಸ್ಥಾನಕ್ಕೆ ತನ್ನಿ. ಪಿಸ್ಟನ್ ತುದಿಗೆ ಬಂದದ್ದನ್ನು ಸ್ಕ್ರೂಡ್ರೈವರ್ ಇಳಿಸಿ ಅಂದಾಜಿಸಬೇಡಿ, ಡಯಲ್ ಗೇಜಿನಲ್ಲಿಯೇ ನೋಡಿ. ಚೈನನ್ನು ಗೈಡಿನ ಬದಿ ಬಿಗಿಯಾಗಿರುವಂತೆ, ಸಡಿಲವೆಲ್ಲ ಟೆನ್ಶನರಿನ ಬದಿಗೆ ಬರುವಂತೆ ತೊಡಿಸಿ. ಅಡ್ಜಸ್ಟರ್ ಬೋಲ್ಟ್ ಬಿಗಿ ಮಾಡುವಾಗ ಕ್ಯಾಮನ್ನು ಅದಕ್ಕೆಂದೇ ಇರುವ ಹಿಡಿಕೆಯಿಂದ ಹಿಡಿಯಿರಿ. ಲಾಕ್ ಉಪಕರಣದ ಮೇಲೆ ಬಲ ಬಿದ್ದರೆ ಕ್ಯಾಮ್ ಮುರಿಯಬಹುದು.

ಟೆನ್ಶನರಿನ ಬಗ್ಗೆ ಒಂದು ಎಚ್ಚರಿಕೆ. ಅನೇಕ ಟೆನ್ಶನರುಗಳೊಳಗೆ ಮುಂದೆ ಹೋದರೆ ಹಿಂದೆ ಬಾರದ ಹಲ್ಲಿನ ಕೊಕ್ಕೆ ಇರುತ್ತದೆ. ಒಮ್ಮೆ ಹಾಕಿ ಸಡಿಲಿಸಿದ ಟೆನ್ಶನರನ್ನು ಹಾಗೆಯೇ ಮತ್ತೆ ಬಿಗಿ ಮಾಡಿದರೆ ಅದು ಚೈನನ್ನು ವಿಪರೀತ ಎಳೆದು ಗೈಡನ್ನು ಮುರಿಯುತ್ತದೆ. ತೆಗೆದರೆ ಪೂರ್ತಿ ಹೊರತೆಗೆದು, ಕೊಕ್ಕೆಯನ್ನು ಮೊದಲಿನ ಸ್ಥಿತಿಗೆ ತಂದೇ ಹಾಕಿ.

ಲಾಕ್ ಉಪಕರಣ ತೆಗೆದು, ಪ್ಲಗ್ ಇಲ್ಲದೆ, ಕ್ರ್ಯಾಂಕನ್ನು ಓಡುವ ದಿಕ್ಕಿಗೆ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಹಾಕಬೇಡಿ. ಎರಡು ಸುತ್ತಿನ ನಂತರ ಗುರುತುಗಳು ಮತ್ತೆ ಕೂಡಬೇಕು. ನಮಗೆ ಮೊದಲ ಸಲ ಎಕ್ಸಾಸ್ಟ್ ಕ್ಯಾಮ್ ಒಂದು ಹಲ್ಲು ಹಿಂದಿತ್ತು. ಬಿಚ್ಚಿ ಮತ್ತೆ ಕೂರಿಸಲು ಅರ್ಧ ದಿನ ಹೋಯಿತು. ಆ ಅರ್ಧ ದಿನಕ್ಕೆ ಬೇಸರಪಟ್ಟಿದ್ದರೆ ಹೊಸ ವಾಲ್ವುಗಳೂ ಹೋಗುತ್ತಿದ್ದವು.

ಕವರಿಗೆ ಹಚ್ಚುವ ಸೀಲೆಂಟ್ 2 ಮಿ.ಮೀ. ದಪ್ಪದ ಒಂದೇ ಎಳೆ ಸಾಕು. ಹೆಚ್ಚಾದದ್ದು ಒಳಗೆ ಉದುರಿ ಮತ್ತೆ ಅದೇ ಜಾಲರಿಗೆ ಹೋಗುತ್ತದೆ.

ಮೊದಲ ಬಾರಿ ಚಾಲೂ

ಹೊಸ ಎಣ್ಣೆ, ಫಿಲ್ಟರ್, ಕೂಲೆಂಟ್ ತುಂಬಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ ಹಾಕದೆ, ಹತ್ತು ಹತ್ತು ಸೆಕೆಂಡು ಸೆಲ್ಫ್ ಕೊಡಿ. ನಡುವೆ ಒಂದು ನಿಮಿಷ ಬಿಡುವು. ಎಣ್ಣೆ ಒತ್ತಡದ ಸೆನ್ಸರ್ ಜಾಗಕ್ಕೆ ಮುಳ್ಳಿನ ಗೇಜ್ ಸಿಕ್ಕಿಸಿಟ್ಟು, ಮುಳ್ಳು ಏಳುವವರೆಗೆ ಮುಂದುವರಿಯಬೇಡಿ. ಆಮೇಲೆ ಪ್ಲಗ್ ಮತ್ತು ಫ್ಯೂಸ್ ಹಾಕಿ ಚಾಲೂ ಮಾಡಿ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಒತ್ತಡ 1 ಬಾರಿಗಿಂತ ಕೆಳಗಿಳಿಯಬಾರದು, 3000 ಸುತ್ತಿನಲ್ಲಿ 3 ಬಾರಿನ ಆಸುಪಾಸು ಇರಬೇಕು.

ಹೊಸ ರಿಂಗ್ ಹಾಕಿದ್ದರೆ ಅವು ಕೂರಲು ಏರಿಳಿತದ ದಾರಿ ಬೇಕು. ಅಗಲವಾದ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವುದಕ್ಕಿಂತ ರಾಣಿಪುರಂ ಕಡೆಯ ಏರುದಾರಿ ಲೇಸು. ಏರುವಾಗ ಮಧ್ಯಮ ಭಾರ, ಇಳಿಯುವಾಗ ಗೇರಿನಲ್ಲಿಯೇ ಎಂಜಿನ್ ಬ್ರೇಕ್. ಮೊದಲ 500 ಕಿ.ಮೀ. 4000 ಸುತ್ತು ದಾಟಿಸಬೇಡಿ.

ಬಲಪಡಿಸುವುದು: ಎಣ್ಣೆ, ಉಸಿರು, ತಂಪು, ಕೊನೆಗೆ ಶಕ್ತಿ

ಎಂಜಿನ್ ಬಿಚ್ಚಿದ್ದೇವಲ್ಲ, ಜೊತೆಗೆ ಐವತ್ತು ಕುದುರೆಶಕ್ತಿ ಹೆಚ್ಚಿಸೋಣ ಎಂದು ತಮ್ಮ ಮೊದಲ ದಿನವೇ ಹೇಳಿದ. ನಾನು ಕ್ರಮ ಬದಲಿಸಿದೆ.

ಮೊದಲು ಎಣ್ಣೆ. ಕೈಪಿಡಿ ಒಪ್ಪುವ ದರ್ಜೆಯ 5ಡಬ್ಲ್ಯು-40 ಪೂರ್ಣ ಸಿಂಥೆಟಿಕ್ ಎಣ್ಣೆಯನ್ನು 7,500 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸುವುದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಆದ್ದರಿಂದ ಎಣ್ಣೆಯ ಒತ್ತಡ ಮತ್ತು ಉಷ್ಣತೆ ತೋರಿಸುವ ಖಾಯಂ ಗೇಜ್ ಹಾಕಿಸಿದೆವು. ಅಡ್ಜಸ್ಟರನ್ನು ನಿಯಂತ್ರಿಸುವ ವಿದ್ಯುತ್ ಮ್ಯಾಗ್ನೆಟ್‌ಗಳ ಸಾಕೆಟ್ ಬಿಚ್ಚಿ ನೋಡಿ. ಸೀಲ್ ಹಳತಾದರೆ ಎಣ್ಣೆ ವಯರಿನ ಎಳೆಗಳೊಳಗೆ ದೀಪದ ಬತ್ತಿಯಲ್ಲಿ ಏರುವಂತೆ ಏರಿ, ಎಂಜಿನ್ ಕಂಪ್ಯೂಟರಿನ ತನಕ ತಲುಪುತ್ತದೆ. ನಮ್ಮದರಲ್ಲಿ ಒಂದು ಸಾಕೆಟ್ ಒದ್ದೆಯಾಗಿತ್ತು. ಎರಡೂ ಮ್ಯಾಗ್ನೆಟ್ ಬದಲಿಸಿದೆವು.

ಆಮೇಲೆ ಉಸಿರು ಮತ್ತು ತಂಪು. ಸೂಪರ್‌ಚಾರ್ಜರಿನ ಅಡಿಯಲ್ಲಿರುವ, ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪುಗಳು ಬಿಸಿಗೆ ಬಿರಿಯುತ್ತವೆ, ಅಡ್ಡಿಯಿಲ್ಲದೆ ಕೈ ಹೋಗುವುದು ಈಗ ಮಾತ್ರ. ಇಂಟರ್‌ಕೂಲರಿನೊಳಗೆ ಎಣ್ಣೆಯ ಪದರ ಕೂತಿದ್ದರೆ ತೊಳೆಯಿರಿ.

ಶಕ್ತಿಯ ವಿಷಯಕ್ಕೆ ಬಂದರೆ, ಸೂಪರ್‌ಚಾರ್ಜರಿನ ಪುಲ್ಲಿಯನ್ನು ಶೇ. 10ರಷ್ಟು ಚಿಕ್ಕದಾಗಿಸಿದರೆ ಅದರ ವೇಗ ಶೇ. 11ರಷ್ಟು ಏರುತ್ತದೆ. ಗಾಳಿಯ ಒತ್ತಡದ ಜೊತೆ ಅದರ ಬಿಸಿಯೂ ಏರಿ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಉರಿಯುವುದು) ಬರುತ್ತದೆ. ಹಾಗಾಗಿ 95 ಆಕ್ಟೇನ್ ಪೆಟ್ರೋಲ್, ಎಂಜಿನ್ ಕಂಪ್ಯೂಟರಿಗೆ ಹೊಸ ಮ್ಯಾಪಿಂಗ್, ಗಾಳಿ ಪೆಟ್ರೋಲಿನ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಪುಲ್ಲಿ ಮುಟ್ಟಬಾರದು. ರಿಂಗ್ ಹಾಕುವಾಗಲೇ ಇದನ್ನು ತೀರ್ಮಾನಿಸಬೇಕು, ಏಕೆಂದರೆ ಹೆಚ್ಚು ಬಿಸಿಯಲ್ಲಿ ರಿಂಗಿನ ತುದಿಗಳು ಹಿಗ್ಗಿ ತಾಗದಿರಲು ಸಂದು ತುಸು ಹೆಚ್ಚಿರಬೇಕು. 82 ಮಿ.ಮೀ. ಬೋರಿಗೆ ಮೇಲಿನ ರಿಂಗಿನಲ್ಲಿ ನಾವು 0.38 ಮಿ.ಮೀ. ಬಿಟ್ಟೆವು. ಇನ್ನೊಂದು ಲೆಕ್ಕವೂ ಇದೆ. ಒಂದು ತೂಕ ಶುದ್ಧ ಪೆಟ್ರೋಲಿಗೆ ಬೇಕಾದ ಗಾಳಿ 14.7 ತೂಕವಾದರೆ ಶೇ. 20 ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5. ಅಂದರೆ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಹಳೆಯ ಇಂಜೆಕ್ಟರುಗಳು ಮೊದಲೇ ಮಿತಿಯಲ್ಲಿದ್ದರೆ ಮೇಲಿನ ಸುತ್ತುಗಳಲ್ಲಿ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ.

ಕಾನೂನನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಕೇರಳದಿಂದಲೇ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಪುಲ್ಲಿ, ಮ್ಯಾಪಿಂಗ್ ಎಲ್ಲವನ್ನೂ ರೇಸ್ ಟ್ರ್ಯಾಕಿನ ಕಾರಿಗೆ ಬಿಟ್ಟು, ರಸ್ತೆಯ ಕಾರನ್ನು ಮೂಲ ಶಕ್ತಿಯಲ್ಲಿಯೇ ಗಟ್ಟಿ ಮಾಡೋಣವೆಂದು ನಾನು ತಮ್ಮನಿಗೆ ಹೇಳಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದು ಒಪ್ಪಿದ. ರಿಂಗಿನ ಸಂದು ಮಾತ್ರ 0.38 ಇದೆ, ಮುಂದೆ ಬೇಕಾದರೆ ದಾರಿ ಮುಚ್ಚಿಲ್ಲ.

500 ಕಿ.ಮೀ. ಆದಾಗ ಎಣ್ಣೆ ಇಳಿಸಿ, ಫಿಲ್ಟರಿನ ಕಾಗದವನ್ನು ಕತ್ತರಿಸಿ, ಬಿಸಿಲಿಗೆ ಬಿಡಿಸಿ ಹಿಡಿದು ನೋಡಿ. ಹೊಸ ರಿಂಗಿನ ನುಣ್ಣನೆಯ ಬೂದು ಮಿನುಗು ಸಹಜ. ಕಣ್ಣಿಗೆ ಕಾಣುವ ತುಣುಕು, ತಾಮ್ರದ ಬಣ್ಣ, ಕಂದು ಪ್ಲಾಸ್ಟಿಕ್ ಸಹಜವಲ್ಲ. 1,500 ಕಿ.ಮೀ.ಗೆ ಎರಡನೆಯ ಸಲ ಕತ್ತರಿಸಿದಾಗ ನಮ್ಮ ಫಿಲ್ಟರಿನ ಮಡಿಕೆಗಳಲ್ಲಿ ಎಣ್ಣೆಯ ಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಸೆಲ್ಫ್ ಕೊಟ್ಟಾಗ ನಾನು ಬಾನೆಟ್ಟಿನ ಪಕ್ಕದಲ್ಲಿಯೇ ನಿಂತಿದ್ದೆ. ಡಬ್ಬಿಯ ಮೊಳೆಗಳ ಸದ್ದಿರಲಿಲ್ಲ, ಗೇಜಿನ ಮುಳ್ಳು ಒಂದು ಸೆಕೆಂಡಿನೊಳಗೆ ಮೇಲೇರಿತು.